ಸೂರ್ಯನ ರೇಡಿಯೋ ಗದ್ದಲದಿಂದ ಎಲೆಕ್ಟ್ರಾನ್‌ಗಳ ಲೆಕ್ಕ ಹಾಕುವುದು ಹೇಗೆ?

ಸೂರ್ಯನ ಕಡೆಗೆ ತಿರುಗಿಸಿದ ಆಂಟೆನಾ ಒಂದಿದೆ ಎನ್ನಿ. ಅದಕ್ಕೆ ಜೋಡಿಸಿದ ರಿಸೀವರ್ ನೂರಾರು ಫ್ರೀಕ್ವೆನ್ಸಿಗಳನ್ನು ಒಟ್ಟಿಗೇ ಆಲಿಸುತ್ತಿದೆ. ಸುಮಾರು ಹೊತ್ತು ವಿಶೇಷ ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ 100 ಮೆಗಾಹರ್ಟ್ಸ್‌ನಲ್ಲಿ ಗದ್ದಲ ಏಳುತ್ತದೆ. ಅದು ಅಲ್ಲೇ ನಿಲ್ಲುವುದಿಲ್ಲ. 90, 80, 70 ಎಂದು ಇಳಿಯುತ್ತಾ ಒಂದೆರಡು ಸೆಕೆಂಡಿನಲ್ಲಿ 50 ಮೆಗಾಹರ್ಟ್ಸ್‌ಗೆ ಬಂದಿರುತ್ತದೆ. ಇನ್ನೂ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಇಳಿಯುವ ವೇಗ ನಿಧಾನವಾಗುತ್ತಾ ಹೋಗುತ್ತದೆ. ಸಮಯವನ್ನು ಅಡ್ಡಕ್ಕೆ, ಫ್ರೀಕ್ವೆನ್ಸಿಯನ್ನು ಉದ್ದಕ್ಕೆ ಇಟ್ಟು ಚಿತ್ರ ಬರೆದರೆ ಕಾಣುವುದು ಒಂದು ಓರೆ ಗೆರೆ, ಅಷ್ಟೇ.

ಈ ಗೆರೆಯನ್ನು ನೋಡಿ ವಿಜ್ಞಾನಿಗಳು ಹೇಳುವುದು ಇಷ್ಟು: ಸೂರ್ಯನಿಂದ ಈಗಷ್ಟೇ ಎಲೆಕ್ಟ್ರಾನ್‌ಗಳ ಒಂದು ಗುಂಪು ಹೊರಟಿದೆ, ಅದರ ವೇಗ ಬೆಳಕಿನ ವೇಗದ ಮೂರನೇ ಒಂದು ಭಾಗದಷ್ಟಿದೆ. ಯಾರೂ ಆ ಎಲೆಕ್ಟ್ರಾನ್‌ಗಳನ್ನು ಕಂಡಿಲ್ಲ. ಹಾಗಾದರೆ ಈ ಮಾತು ಎಲ್ಲಿಂದ ಬಂತು? ಅದರಲ್ಲಿ ಎಷ್ಟು ಗಟ್ಟಿ, ಎಷ್ಟು ಊಹೆ?

ನನ್ನ ಮಟ್ಟಿಗೆ ಈ ಇಡೀ ವಿಷಯ ಒಂದು ವ್ಯತ್ಯಾಸದ ಮೇಲೆ ನಿಂತಿದೆ. ಗದ್ದಲ ಯಾವ ಫ್ರೀಕ್ವೆನ್ಸಿಯಲ್ಲಿದೆ ಎನ್ನುವುದನ್ನು ಬಹುಮಟ್ಟಿಗೆ ನಂಬಬಹುದು. ಎಷ್ಟು ಜೋರಾಗಿದೆ ಎನ್ನುವುದನ್ನು ಮಾತ್ರ ಸುಲಭಕ್ಕೆ ನಂಬಬಾರದು. ಮಾಡೆಲ್‌ಗಳು ಬೇಕಾಗುವುದೇ ಈ ಎರಡನೆಯದಕ್ಕೆ.

ಫ್ರೀಕ್ವೆನ್ಸಿ ಎಂದರೆ ಎತ್ತರ

ಸೂರ್ಯನ ಹೊರ ವಾತಾವರಣವನ್ನು ಕರೋನಾ ಎನ್ನುತ್ತಾರೆ. ಅಲ್ಲಿನ ಬಿಸಿ ಹತ್ತಿಪ್ಪತ್ತು ಲಕ್ಷ ಡಿಗ್ರಿ. ಅಷ್ಟು ಬಿಸಿಯಲ್ಲಿ ಪರಮಾಣುಗಳು ಇಡಿಯಾಗಿ ಉಳಿಯುವುದಿಲ್ಲ. ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ಓಡಾಡುತ್ತವೆ, ಉಳಿದ ಅಯಾನ್‌ಗಳು ಬೇರೆಯಾಗಿರುತ್ತವೆ. ಇದೇ ಪ್ಲಾಸ್ಮಾ. ಇದರೊಳಗೆ ಒಂದಿಷ್ಟು ಎಲೆಕ್ಟ್ರಾನ್‌ಗಳನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿದರೆ ಹಿಂದೆ ಉಳಿದ ಅಯಾನ್‌ಗಳು ಅವನ್ನು ವಾಪಸ್ ಎಳೆಯುತ್ತವೆ. ಎಲೆಕ್ಟ್ರಾನ್‌ಗಳು ಹಿಂದಿರುಗುವ ಭರದಲ್ಲಿ ಈ ಕಡೆಗೆ ದಾಟಿಬಿಡುತ್ತವೆ, ಮತ್ತೆ ಎಳೆಸಿಕೊಳ್ಳುತ್ತವೆ. ಹೀಗೆ ಹಿಂದೆ ಮುಂದೆ ಅಲ್ಲಾಡುವ ಫ್ರೀಕ್ವೆನ್ಸಿಗೆ ಪ್ಲಾಸ್ಮಾ ಫ್ರೀಕ್ವೆನ್ಸಿ ಎಂದು ಹೆಸರು.

ಇದರ ಸೊಗಸು ಏನೆಂದರೆ, ಈ ಫ್ರೀಕ್ವೆನ್ಸಿಯನ್ನು ತೀರ್ಮಾನಿಸುವುದು ಒಂದೇ ಒಂದು ಸಂಗತಿ: ಎಲೆಕ್ಟ್ರಾನ್‌ಗಳ ದಟ್ಟಣೆ. ಒಂದು ಘನ ಸೆಂಟಿಮೀಟರ್‌ನಲ್ಲಿ ಎಷ್ಟು ಎಲೆಕ್ಟ್ರಾನ್ ಇವೆಯೋ ಅದರ ವರ್ಗಮೂಲವನ್ನು 9ರಿಂದ ಗುಣಿಸಿ, ಕಿಲೋಹರ್ಟ್ಸ್‌ನಲ್ಲಿ ಉತ್ತರ ಸಿಗುತ್ತದೆ. 12 ಕೋಟಿ ಎಲೆಕ್ಟ್ರಾನ್ ಇದ್ದರೆ ಹತ್ತಿರ ಹತ್ತಿರ 100 ಮೆಗಾಹರ್ಟ್ಸ್. 3 ಕೋಟಿ ಇದ್ದರೆ 50 ಮೆಗಾಹರ್ಟ್ಸ್. ಸೂರ್ಯನಿಂದ ಸದಾ ಹೊರಗೆ ಹರಿಯುವ ಪ್ಲಾಸ್ಮಾಕ್ಕೆ ಸೌರಮಾರುತ ಎನ್ನುತ್ತಾರೆ. ಭೂಮಿಯ ಹತ್ತಿರ ಅದರಲ್ಲಿ ಘನ ಸೆಂಟಿಮೀಟರ್‌ಗೆ ಸುಮಾರು 5 ಎಲೆಕ್ಟ್ರಾನ್ ಮಾತ್ರ, ಹಾಗಾಗಿ ಅಲ್ಲಿ ಬರೀ 20 ಕಿಲೋಹರ್ಟ್ಸ್.

ಸೂರ್ಯನಿಂದ ದೂರ ಹೋದಷ್ಟೂ ದಟ್ಟಣೆ ಕಡಿಮೆ. ಆದ್ದರಿಂದ ಫ್ರೀಕ್ವೆನ್ಸಿ ಕಡಿಮೆ. ಗದ್ದಲ 100ರಿಂದ 50ಕ್ಕೆ ಇಳಿಯಿತು ಎಂದರೆ ಅದನ್ನು ಹುಟ್ಟಿಸುತ್ತಿರುವ ವಸ್ತು ಮೇಲಕ್ಕೆ ಏರಿತು ಎಂದರ್ಥ. ಎಷ್ಟು ಮೇಲಕ್ಕೆ? ಅದಕ್ಕೆ ದಟ್ಟಣೆ ಎತ್ತರದೊಂದಿಗೆ ಹೇಗೆ ಬದಲಾಗುತ್ತದೆ ಎಂಬ ಕೋಷ್ಟಕ ಬೇಕು. ಗ್ರಹಣದ ಸಮಯದಲ್ಲಿ ತೆಗೆದ ಕರೋನಾ ಚಿತ್ರಗಳಿಂದಲೂ ಬೇರೆ ಅಳತೆಗಳಿಂದಲೂ ಇಂಥ ಸೂತ್ರಗಳನ್ನು ಕಟ್ಟಿದ್ದಾರೆ. 1961ರ ನ್ಯೂಕರ್ಕ್ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಅದರ ಪ್ರಕಾರ 100 ಮೆಗಾಹರ್ಟ್ಸ್ ಹುಟ್ಟುವ ಜಾಗ ಸೂರ್ಯನ ಕೇಂದ್ರದಿಂದ 1.25 ಸೂರ್ಯ ತ್ರಿಜ್ಯದಷ್ಟು ದೂರ, 50 ಮೆಗಾಹರ್ಟ್ಸ್‌ನದು 1.5ರಷ್ಟು ದೂರ. ನಡುವಿನ ಅಂತರ ಸುಮಾರು 1 ಲಕ್ಷ 80 ಸಾವಿರ ಕಿಲೋಮೀಟರ್. ಅಷ್ಟನ್ನು ಎರಡು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ದಾಟಿದರೆ ವೇಗ ಸೆಕೆಂಡಿಗೆ ಲಕ್ಷ ಕಿಲೋಮೀಟರ್. ಬೆಳಕಿನ ವೇಗದ ಮೂರನೇ ಒಂದು ಭಾಗ ಬಂತಲ್ಲ, ಅದು ಹೀಗೆ.

ಇದೇ ದಾರಿಯನ್ನು ಸೆಕೆಂಡಿಗೆ ಸಾವಿರ ಕಿಲೋಮೀಟರ್ ವೇಗದ ಆಘಾತ ಅಲೆ ದಾಟಲು ಮೂರು ನಿಮಿಷ ಬೇಕು. ಅಂಥ ನಿಧಾನದ ಗೆರೆಗಳೂ ಕಾಣುತ್ತವೆ. ಸೂರ್ಯ ದೊಡ್ಡ ಪ್ಲಾಸ್ಮಾ ಮೋಡವನ್ನು ಹೊರಗೆ ಎಸೆದಾಗ ಅದರ ಮುಂದೆ ಆಘಾತ ಅಲೆ ಏಳುತ್ತದೆ, ಅದು ಎಲೆಕ್ಟ್ರಾನ್‌ಗಳನ್ನು ವೇಗಗೊಳಿಸುತ್ತದೆ. ನಿಧಾನ ಗೆರೆಗೆ ಟೈಪ್ 2, ವೇಗದ ಗೆರೆಗೆ ಟೈಪ್ 3 ಎಂದು ಹೆಸರು. ಈ ವಿಂಗಡಣೆಯನ್ನು 1950ರಲ್ಲಿ ಆಸ್ಟ್ರೇಲಿಯಾದಲ್ಲಿ ಪಾಲ್ ವೈಲ್ಡ್ ಮತ್ತು ಮೆಕ್‌ಕ್ರೆಡಿ ಮಾಡಿದರು. ಟೈಪ್ 4 ಮತ್ತು 5 ಆ ದಶಕದ ಕೊನೆಯ ವರ್ಷಗಳಲ್ಲಿ ಸೇರಿದವು. ಅದಕ್ಕೂ ಮುಂಚೆ, 1947ರಲ್ಲಿ, ರೂಬಿ ಪೇನ್-ಸ್ಕಾಟ್ ಮತ್ತು ಜೊತೆಗಾರರು ಒಂದೇ ಸ್ಫೋಟ ಬೇರೆ ಬೇರೆ ಫ್ರೀಕ್ವೆನ್ಸಿಗೆ ಬೇರೆ ಬೇರೆ ಹೊತ್ತಿಗೆ ಬರುವುದನ್ನು ಗಮನಿಸಿದ್ದರು. ಏನೋ ಒಂದು ಮೇಲಕ್ಕೆ ಸಾಗುತ್ತಿದೆ ಎಂಬ ಯೋಚನೆಗೆ ದಾರಿಯಾದದ್ದು ಅದು.

ಸೂರ್ಯ ರೇಡಿಯೋ ಗದ್ದಲ ಮಾಡುತ್ತಾನೆ ಎನ್ನುವುದೇ ಗೊತ್ತಾದದ್ದು ಯುದ್ಧದ ನಡುವೆ. 1942ರ ಫೆಬ್ರವರಿ ಕೊನೆಯಲ್ಲಿ ಬ್ರಿಟನ್ನಿನ ರಾಡಾರ್‌ಗಳು 4ರಿಂದ 6 ಮೀಟರ್ ತರಂಗಾಂತರದಲ್ಲಿ ಕೆಲಸ ಮಾಡದಾದವು. ಶತ್ರುಗಳ ಕಿತಾಪತಿ ಇರಬೇಕು ಎಂದು ಅನುಮಾನ. ತನಿಖೆ ಮಾಡಿದ ಜೇಮ್ಸ್ ಸ್ಟ್ಯಾನ್ಲಿ ಹೇ ಅವರಿಗೆ ಗದ್ದಲದ ದಿಕ್ಕು ಸೂರ್ಯನ ಜೊತೆಗೇ ಸರಿಯುತ್ತಿರುವುದು ಕಂಡಿತು. ಆಗ ಸೂರ್ಯನ ಮೇಲೆ ದೊಡ್ಡ ಕಲೆಗಳ ಗುಂಪೂ ಇತ್ತು. ಸಂಗತಿ ಗುಟ್ಟಾಗಿಯೇ ಉಳಿದು, ಯುದ್ಧ ಮುಗಿದ ಮೇಲೆ 1946ರಲ್ಲಿ ಪ್ರಕಟವಾಯಿತು.

ಸರಿ, ಎತ್ತರದ ಲೆಕ್ಕಕ್ಕೆ ವಾಪಸ್ ಬರೋಣ. ಫ್ರೀಕ್ವೆನ್ಸಿಯನ್ನು ನಂಬಬಹುದು ಎಂದೆ. ಆದರೂ ಎರಡು ಕಡೆ ಎಡವಬಹುದು.

ಮೊದಲನೆಯದು, ಗದ್ದಲ ಪ್ಲಾಸ್ಮಾ ಫ್ರೀಕ್ವೆನ್ಸಿಯಲ್ಲೂ ಬರುತ್ತದೆ, ಅದರ ಎರಡು ಪಟ್ಟಿನಲ್ಲೂ ಬರುತ್ತದೆ. ನಾವು ನೋಡಿದ 100 ಮೆಗಾಹರ್ಟ್ಸ್ ನಿಜಕ್ಕೂ 50 ಮೆಗಾಹರ್ಟ್ಸ್ ಜಾಗದಿಂದ ಬಂದ ಇಮ್ಮಡಿ ಅಲೆ ಆಗಿದ್ದರೆ ಅದೇ ಓರೆ ಗೆರೆಗೆ ಸುಮಾರು 2 ಲಕ್ಷ 80 ಸಾವಿರ ಕಿಲೋಮೀಟರ್ ಪಯಣ ಬೇಕಾಗುತ್ತದೆ. ವೇಗ ಒಮ್ಮೆಗೇ ಒಂದೂವರೆ ಪಟ್ಟು ಆಯಿತು! ಎರಡೂ ಗೆರೆಗಳು ಜೋಡಿಯಾಗಿ ಕಂಡರೆ ಗೊಂದಲವಿಲ್ಲ. ಒಂದೇ ಕಂಡಾಗ ಧ್ರುವೀಕರಣ, ಅಂದರೆ ಅಲೆ ಯಾವ ದಿಕ್ಕಿನಲ್ಲಿ ಅಲ್ಲಾಡುತ್ತಿದೆ ಎನ್ನುವುದನ್ನು ನೋಡಿ ಅಂದಾಜು ಮಾಡಬೇಕಾಗುತ್ತದೆ.

ಎರಡನೆಯದು ಜಾಸ್ತಿ ಜನ ಮರೆಯುವ ವಿಷಯ. ಎಲೆಕ್ಟ್ರಾನ್ ಗುಂಪು ನೇರವಾಗಿ ನಮ್ಮ ಕಡೆಗೇ ಬರುತ್ತಿದ್ದರೆ, 50 ಮೆಗಾಹರ್ಟ್ಸ್ ಅಲೆ ಹೊರಡುವ ಹೊತ್ತಿಗೆ ಅದು ನಮಗೆ 1 ಲಕ್ಷ 80 ಸಾವಿರ ಕಿಲೋಮೀಟರ್ ಹತ್ತಿರ ಬಂದಿರುತ್ತದೆ. ಅಷ್ಟು ದೂರದ ಪ್ರಯಾಣ ಆ ಅಲೆಗೆ ಉಳಿತಾಯವಾಯಿತು. 1.8 ಸೆಕೆಂಡಿನ ಓಟ ನಮಗೆ 1.2 ಸೆಕೆಂಡಿನದಾಗಿ ಕಾಣುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬೆಳಕಿನ ವೇಗದ ಮೂರನೇ ಒಂದು ಭಾಗ ಇರುವುದು ಬೆಳಕಿನ ವೇಗದ ಅರ್ಧದಷ್ಟಾಗಿ ತೋರುತ್ತದೆ. ಗುಂಪು ಪಕ್ಕಕ್ಕೆ ಹೋಗುತ್ತಿದ್ದರೆ ಈ ತೊಂದರೆ ಇಲ್ಲ. ಅಂದರೆ ವೇಗ ಗೊತ್ತಾಗಬೇಕಾದರೆ ದಿಕ್ಕೂ ಗೊತ್ತಿರಬೇಕು.

ಇಷ್ಟು ಜೋರು ಹೇಗೆ?

ಈಗ ಕಷ್ಟದ ಭಾಗ. ಟೈಪ್ 3 ಗದ್ದಲದ ಪ್ರಖರತೆಯನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳುವ ಪದ್ಧತಿ ಇದೆ. ಒಂದು ಬಿಸಿ ವಸ್ತು ಇಷ್ಟು ರೇಡಿಯೋ ಹೊಮ್ಮಿಸಬೇಕಾದರೆ ಎಷ್ಟು ಬಿಸಿ ಇರಬೇಕಿತ್ತು ಎಂಬ ಲೆಕ್ಕ ಅದು. ಕರೋನಾದ ಬಿಸಿ ಹತ್ತಿಪ್ಪತ್ತು ಲಕ್ಷ ಡಿಗ್ರಿ. ಗದ್ದಲ ಎಬ್ಬಿಸುವ ಎಲೆಕ್ಟ್ರಾನ್‌ಗಳ ಶಕ್ತಿ ಹತ್ತಾರು ಕಿಲೋ ಎಲೆಕ್ಟ್ರಾನ್ ವೋಲ್ಟ್, ಅಂದರೆ ಹತ್ತಾರು ಕೋಟಿ ಡಿಗ್ರಿಗೆ ಸಮ. ಆದರೆ ಅಳೆದ ಪ್ರಖರತೆ ಲಕ್ಷ ಕೋಟಿ ಡಿಗ್ರಿ ಮುಟ್ಟುತ್ತದೆ, ಕೆಲವೊಮ್ಮೆ ಅದನ್ನೂ ಮೀರುತ್ತದೆ.

ಒಂದೊಂದು ಎಲೆಕ್ಟ್ರಾನ್ ತನ್ನ ಪಾಡಿಗೆ ತಾನು ರೇಡಿಯೋ ಹೊಮ್ಮಿಸಿದರೆ ಒಟ್ಟು ಪ್ರಖರತೆ ಅವುಗಳ ಶಕ್ತಿಯನ್ನು ಮೀರಿ ಹೋಗಲಾರದು. ಆದ್ದರಿಂದ ಇಲ್ಲಿ ಎಲೆಕ್ಟ್ರಾನ್‌ಗಳು ಒಟ್ಟಾಗಿ, ತಾಳ ಹೊಂದಿಸಿಕೊಂಡು ಕೆಲಸ ಮಾಡುತ್ತಿರಬೇಕು. 1958ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಗಿಂಜ್‌ಬರ್ಗ್ ಮತ್ತು ಝೆಲೆಜ್ನ್ಯಾಕೋವ್ ಅದರ ದಾರಿ ತೋರಿಸಿದರು. ಎಲೆಕ್ಟ್ರಾನ್ ಗುಂಪು ನೇರವಾಗಿ ರೇಡಿಯೋ ಹುಟ್ಟಿಸುವುದಿಲ್ಲ. ಮೊದಲು ಪ್ಲಾಸ್ಮಾದಲ್ಲಿ ಲ್ಯಾಂಗ್‌ಮ್ಯುರ್ ಅಲೆಗಳನ್ನು ಎಬ್ಬಿಸುತ್ತದೆ. ಇವು ಪ್ಲಾಸ್ಮಾ ಫ್ರೀಕ್ವೆನ್ಸಿಯ ಹತ್ತಿರ ಅಲ್ಲಾಡುವ ವಿದ್ಯುತ್ ಅಲೆಗಳು. ಪ್ಲಾಸ್ಮಾ ಬಿಟ್ಟು ಹೊರಗೆ ಬರಲಾರವು. ಆಮೇಲೆ ಇವುಗಳ ಒಂದು ಸಣ್ಣ ಪಾಲು ರೇಡಿಯೋ ಆಗಿ ಬದಲಾಗುತ್ತದೆ. ಲ್ಯಾಂಗ್‌ಮ್ಯುರ್ ಅಲೆ ಒಂದು ಅಯಾನ್ ಶಬ್ದ ಅಲೆಯ (ಅಯಾನ್‌ಗಳಲ್ಲಿ ಶಬ್ದದಂತೆ ಸಾಗುವ ನಿಧಾನದ ಅಲೆ) ಜೊತೆ ಕೂಡಿದರೆ ಅಥವಾ ಅದನ್ನು ಬಿಟ್ಟುಕೊಟ್ಟರೆ ಪ್ಲಾಸ್ಮಾ ಫ್ರೀಕ್ವೆನ್ಸಿಯ ರೇಡಿಯೋ. ಎದುರುಬದುರು ಬಂದ ಎರಡು ಲ್ಯಾಂಗ್‌ಮ್ಯುರ್ ಅಲೆಗಳು ಸೇರಿದರೆ ಇಮ್ಮಡಿ ಫ್ರೀಕ್ವೆನ್ಸಿಯ ರೇಡಿಯೋ. ಹದಿನೆಂಟು ವರ್ಷದ ಮೇಲೆ, 1976ರಲ್ಲಿ, ಹೀಲಿಯೋಸ್ ನೌಕೆಗಳ ಅಳತೆಯಲ್ಲಿ ಗರ್ನೆಟ್ ಮತ್ತು ಆಂಡರ್ಸನ್ ಟೈಪ್ 3 ಜೊತೆಗೇ ಈ ಅಲೆಗಳಿರುವುದನ್ನು ಕಂಡರು.

ಎಲೆಕ್ಟ್ರಾನ್ ಗುಂಪು ಈ ಅಲೆಗಳನ್ನು ಎಬ್ಬಿಸುವುದಾದರೂ ಯಾಕೆ? ಸೂರ್ಯನಲ್ಲಿ ಇದ್ದಕ್ಕಿದ್ದಂತೆ ಆಗುವ ಸ್ಫೋಟಕ್ಕೆ ಫ್ಲೇರ್ ಎನ್ನುತ್ತಾರೆ. ಫ್ಲೇರ್ ಆದ ಜಾಗದಿಂದ ಎಲ್ಲ ವೇಗದ ಎಲೆಕ್ಟ್ರಾನ್‌ಗಳೂ ಒಟ್ಟಿಗೇ ಹೊರಟವು ಎನ್ನೋಣ. ಸ್ವಲ್ಪ ದೂರದಲ್ಲಿ ನಿಂತು ನೋಡಿದರೆ ಮೊದಲು ಬರುವುದು ವೇಗದವು. ನಿಧಾನದವು ಇನ್ನೂ ಹಿಂದಿವೆ. ಹಾಗಾಗಿ ಆ ಜಾಗದಲ್ಲಿ ಆ ಗಳಿಗೆಗೆ ಹೆಚ್ಚು ವೇಗದ ಎಲೆಕ್ಟ್ರಾನ್‌ಗಳೇ ಜಾಸ್ತಿ, ಮಧ್ಯಮ ವೇಗದವು ಕಡಿಮೆ. ಇದು ಪ್ಲಾಸ್ಮಾದ ಸಹಜ ಸ್ಥಿತಿಗೆ ಉಲ್ಟಾ. ಪ್ಲಾಸ್ಮಾ ಇದನ್ನು ಸಹಿಸುವುದಿಲ್ಲ. ಒಂದು ಅಲೆಯ ವೇಗಕ್ಕಿಂತ ತುಸು ಜೋರಾಗಿ ಹೋಗುವ ಎಲೆಕ್ಟ್ರಾನ್‌ಗಳು ಆ ಅಲೆಗೆ ಶಕ್ತಿ ಕೊಡುತ್ತವೆ, ತುಸು ನಿಧಾನದವು ಅಲೆಯಿಂದ ಶಕ್ತಿ ಕಸಿಯುತ್ತವೆ. ಕೊಡುವವು ಜಾಸ್ತಿ ಇದ್ದಾಗ ಅಲೆ ಬೆಳೆಯುತ್ತದೆ. ಅದೂ ಭಾರೀ ವೇಗದಲ್ಲಿ.

ಇಲ್ಲೇ ಒಂದು ದೊಡ್ಡ ತೊಡಕು ಹುಟ್ಟಿತು. 1964ರಲ್ಲಿ ಪೀಟರ್ ಸ್ಟರಾಕ್ ಲೆಕ್ಕ ಹಾಕಿ ಕೇಳಿದರು: ಅಲೆಗಳು ಇಷ್ಟು ಬೇಗ ಬೆಳೆದರೆ ಎಲೆಕ್ಟ್ರಾನ್‌ಗಳು ತಮ್ಮ ಶಕ್ತಿಯನ್ನೆಲ್ಲ ಸೂರ್ಯನ ಪಕ್ಕದಲ್ಲೇ ಕಳೆದುಕೊಂಡು ಮುಗಿದುಹೋಗಬೇಕಲ್ಲ? ಆದರೆ ಟೈಪ್ 3 ಗದ್ದಲ 15 ಕೋಟಿ ಕಿಲೋಮೀಟರ್ ದೂರದ ಭೂಮಿಯವರೆಗೂ ಬರುತ್ತದೆ. ಆಮೇಲೂ ಮುಂದುವರಿಯುತ್ತದೆ. ಎಲೆಕ್ಟ್ರಾನ್‌ಗಳು ಬದುಕಿ ಉಳಿಯುವುದು ಹೇಗೆ?

ಉತ್ತರ ಸಿಕ್ಕಿದ್ದು ಗುಂಪಿನ ಹಿಂಭಾಗದಲ್ಲಿ. ಮುಂಭಾಗದ ಎಲೆಕ್ಟ್ರಾನ್‌ಗಳು ಎಬ್ಬಿಸಿದ ಲ್ಯಾಂಗ್‌ಮ್ಯುರ್ ಅಲೆಗಳು ಹೆಚ್ಚುಕಡಿಮೆ ಎದ್ದ ಜಾಗದಲ್ಲೇ ಉಳಿಯುತ್ತವೆ. ಅವುಗಳ ಶಕ್ತಿ ಬಹಳ ನಿಧಾನವಾಗಿ ಸಾಗುತ್ತದೆ. ಗುಂಪಿನ ಹಿಂಭಾಗ ಅಲ್ಲಿಗೆ ಬರುವಾಗ ಪರಿಸ್ಥಿತಿ ತಿರುಗಿರುತ್ತದೆ. ಈಗ ನಿಧಾನದ ಎಲೆಕ್ಟ್ರಾನ್‌ಗಳೇ ಜಾಸ್ತಿ. ಅವು ಅಲೆಗಳಿಂದ ಶಕ್ತಿಯನ್ನು ವಾಪಸ್ ಹೀರಿಕೊಂಡು ಮುಂದೆ ಹೋಗುತ್ತವೆ. ಮುಂದೆ ಹೋದವರು ದಾರಿಯಲ್ಲಿ ಕೊಟ್ಟ ಸಾಲವನ್ನು ಅದೇ ಮನೆಯ ಹಿಂದಿನವರು ಬಂದು ವಸೂಲಿ ಮಾಡಿಕೊಂಡ ಹಾಗೆ, ಒಟ್ಟು ಗಂಟು ಹೆಚ್ಚು ಕರಗುವುದಿಲ್ಲ. ಎಲೆಕ್ಟ್ರಾನ್‌ಗಳೂ ಅಲೆಗಳೂ ಒಂದು ಜೋಡಿಯಾಗಿ ಸಾಗುತ್ತವೆ. 1970ರಲ್ಲಿ ರ್ಯೂಟೋವ್ ಮತ್ತು ಸಗ್ದೀವ್ ಇದರ ಗಣಿತಕ್ಕೆ ತಳಪಾಯ ಹಾಕಿದರು. ಮುಂದಿನ ದಶಕಗಳಲ್ಲಿ ಮೆಲ್ನಿಕ್, ಕೊಂಟಾರ್, ರೀಡ್ ಮುಂತಾದವರು ಅದನ್ನು ಕಂಪ್ಯೂಟರ್ ಮಾಡೆಲ್ ಆಗಿ ಬೆಳೆಸಿದರು. ಈ ವಿಷಯದಲ್ಲಿ ನನಗೆ ಅತಿ ಚೆಂದ ಅನ್ನಿಸುವ ಭಾಗ ಇದೇ.

ಕಂಪ್ಯೂಟರ್ ಒಳಗಿನ ಎಲೆಕ್ಟ್ರಾನ್‌ಗಳು

ಮಾಡೆಲ್ ಎಂದಾಗ ಒಂದು ಸಹಜ ಪ್ರಶ್ನೆ ಏಳುತ್ತದೆ. ಒಂದೊಂದು ಎಲೆಕ್ಟ್ರಾನನ್ನೂ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿದರೆ ಮುಗಿಯಿತಲ್ವಾ? ಅಂಥ ವಿಧಾನ ಇದೆ. ಜಾಗವನ್ನು ಸಣ್ಣ ಚೌಕಗಳಾಗಿ ಹೆಚ್ಚಿ, ಪ್ರತಿನಿಧಿ ಕಣಗಳನ್ನು ಹರಿಯಬಿಟ್ಟು, ಅವು ಹುಟ್ಟಿಸುವ ವಿದ್ಯುತ್ ಕ್ಷೇತ್ರವನ್ನು ಪ್ರತಿ ಹೆಜ್ಜೆಗೂ ಲೆಕ್ಕ ಹಾಕುತ್ತಾರೆ. ತೊಂದರೆ ಇರುವುದು ಅಳತೆಯಲ್ಲಿ. ಕೆಳ ಕರೋನಾದಲ್ಲಿ ಆ ಚೌಕ ಸುಮಾರು ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಿರಬೇಕು. ಒಂದೇ ಒಂದು ಸೂರ್ಯ ತ್ರಿಜ್ಯದಷ್ಟು ದೂರಕ್ಕೆ, ಅದೂ ಒಂದೇ ಗೆರೆಯ ಮೇಲೆ, 7,000 ಕೋಟಿಗಿಂತ ಹೆಚ್ಚು ಚೌಕಗಳಾದವು. 100 ಮೆಗಾಹರ್ಟ್ಸ್‌ನ ಒಂದು ಕಂಪನಕ್ಕೆ ಬೇಕಾದ ಸಮಯ ಒಂದು ಸೆಕೆಂಡಿನ 10 ಕೋಟಿಯಲ್ಲಿ ಒಂದು ಪಾಲು. ಎಲೆಕ್ಟ್ರಾನ್‌ಗಳು ಭೂಮಿಗೆ ಬರಲು ಅರ್ಧ ಗಂಟೆ ಬೇಕು. ಹಾಗಾಗಿ ಈ ವಿಧಾನವನ್ನು ಒಂದು ಪುಟ್ಟ ತುಣುಕಿನಲ್ಲಿ ಏನಾಗುತ್ತದೆ ಎಂದು ನೋಡಲು ಮಾತ್ರ ಬಳಸುತ್ತಾರೆ. ರೇಡಿಯೋ ಅಲೆ ಹುಟ್ಟುವ ಕ್ಷಣವನ್ನು ತಿಳಿಯಲು ಅದೇ ಸರಿ.

ಇಡೀ ಪಯಣಕ್ಕೆ ಬೇರೆ ಉಪಾಯ. ಒಂದೊಂದು ಕಂಪನವನ್ನೂ ಬಿಟ್ಟು, ಸರಾಸರಿಯನ್ನು ಹಿಡಿಯುವುದು. ಎರಡು ಸಂಗತಿಗಳ ಲೆಕ್ಕ ಇಟ್ಟರೆ ಸಾಕು: ಪ್ರತಿ ದೂರದಲ್ಲಿ ಪ್ರತಿ ವೇಗದ ಎಲೆಕ್ಟ್ರಾನ್‌ಗಳು ಎಷ್ಟು, ಅಲ್ಲಿ ಆ ವೇಗದ ಲ್ಯಾಂಗ್‌ಮ್ಯುರ್ ಅಲೆಗಳ ಶಕ್ತಿ ಎಷ್ಟು. ಎರಡು ಸಮೀಕರಣಗಳು. ಒಂದರ ಉತ್ತರ ಇನ್ನೊಂದಕ್ಕೆ ಬೇಕು. ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದ ಗೆರೆಯನ್ನು ಹಿಡಿದೇ ಸಾಗುವುದರಿಂದ ಒಂದೇ ಆಯಾಮದಲ್ಲಿ ಲೆಕ್ಕ ನಡೆಸಬಹುದು. ಗೆರೆಗಳು ಹೊರಗೆ ಹೋದಂತೆ ಹರಡಿಕೊಳ್ಳುವುದನ್ನು ಒಂದು ಪದವಾಗಿ ಸೇರಿಸಿದರೆ ಆಯಿತು. ಫ್ಲೇರ್ ಜಾಗದಲ್ಲಿ ಎಷ್ಟು ಎಲೆಕ್ಟ್ರಾನ್, ಯಾವ ಶಕ್ತಿಯವು, ಎಷ್ಟು ಹೊತ್ತು ಹೊರಟವು ಎಂದು ಊಹಿಸಿ ಮಾಡೆಲ್‌ಗೆ ಕೊಡುತ್ತಾರೆ. ಅದು ಮುಂದಕ್ಕೆ ಓಡುತ್ತದೆ. ಹೊರಬಂದ ರೇಡಿಯೋ ಚಿತ್ರವನ್ನು ಅಳತೆಯ ಜೊತೆ ಹೋಲಿಸಿ ಊಹೆಯನ್ನು ತಿದ್ದುತ್ತಾರೆ.

ಇದನ್ನು ಓಡಿಸಿದಾಗ ತಿಳಿದ ಒಂದು ಮುಖ್ಯ ಸಂಗತಿ: ಸೌರಮಾರುತದ ದಟ್ಟಣೆಯಲ್ಲಿರುವ ಸಣ್ಣ ಏರಿಳಿತಗಳೂ ಬಹಳ ಪ್ರಭಾವ ಬೀರುತ್ತವೆ. ದಟ್ಟಣೆ ತುಸು ಬದಲಾದರೂ ಲ್ಯಾಂಗ್‌ಮ್ಯುರ್ ಅಲೆಯ ವೇಗ ಬದಲಾಗಿ ಅದು ಎಲೆಕ್ಟ್ರಾನ್‌ಗಳ ಜೊತೆಗಿನ ಹೊಂದಾಣಿಕೆ ಕಳೆದುಕೊಳ್ಳುತ್ತದೆ. ಕೆಲವು ಜಾಗದಲ್ಲಿ ಅಲೆಗಳು ಜೋರಾಗಿ ಬೆಳೆಯುತ್ತವೆ, ಪಕ್ಕದಲ್ಲೇ ಏನೂ ಇರುವುದಿಲ್ಲ. ನೌಕೆಗಳು ಅಳೆದ ಲ್ಯಾಂಗ್‌ಮ್ಯುರ್ ಅಲೆಗಳು ಸಮನಾಗಿರದೆ ಗೊಂಚಲು ಗೊಂಚಲಾಗಿ ಸಿಗುವುದಕ್ಕೆ ಇದೇ ಕಾರಣ. ಕೆಲವು ಟೈಪ್ 3 ಗೆರೆಗಳು ತುಂಡು ತುಂಡಾಗಿ, ಸಣ್ಣ ಪಟ್ಟಿಗಳ ಸಾಲಿನಂತೆ ಕಾಣುವುದಕ್ಕೂ ಇದನ್ನೇ ಕಾರಣವಾಗಿ ಹೇಳುತ್ತಾರೆ.

ಈಗ ಜೋರಿನ ಮಾತು ಅರ್ಥವಾಗುತ್ತದೆ. ಎಲೆಕ್ಟ್ರಾನ್‌ಗಳು ಎರಡು ಪಟ್ಟಾದರೆ ಗದ್ದಲ ಎರಡು ಪಟ್ಟಾಗಬೇಕೆಂದೇನೂ ಇಲ್ಲ. ಎರಡು ಅಲೆ ಸೇರಿ ರೇಡಿಯೋ ಹುಟ್ಟುವ ಕಡೆ ಅಲೆಗಳ ಶಕ್ತಿಯ ಗುಣಾಕಾರ ನಡೆಯುತ್ತದೆ. ಅದರ ಮೇಲೆ ಎಲೆಕ್ಟ್ರಾನ್ ಮತ್ತು ಅಯಾನ್‌ಗಳ ಬಿಸಿಯ ಅನುಪಾತ, ದಟ್ಟಣೆಯ ಏರಿಳಿತ ಎಲ್ಲವೂ ಕೈ ಹಾಕುತ್ತವೆ. ಭಾರೀ ಫ್ಲೇರ್ ಒಂದು ಸಾಧಾರಣ ಟೈಪ್ 3 ಕೊಡಬಹುದು, ಪುಟ್ಟ ಫ್ಲೇರ್ ಕಿವಿಗಡಚಿಕ್ಕುವಂಥದ್ದನ್ನು ಕೊಡಬಹುದು.

ದಾರಿಯಲ್ಲಿ ಕದಡುವ ಅಲೆಗಳು

ರೇಡಿಯೋ ಹುಟ್ಟಿದ ಮೇಲೂ ಕಥೆ ಮುಗಿಯುವುದಿಲ್ಲ. ಅದು ಹುಟ್ಟುವುದೇ ಆ ಜಾಗದ ಪ್ಲಾಸ್ಮಾ ಫ್ರೀಕ್ವೆನ್ಸಿಯಲ್ಲಿ. ಅಂಥ ಅಲೆಗೆ ಅಲ್ಲಿ ಸಾಗುವುದೇ ಕಷ್ಟ. ಶುರುವಿನಲ್ಲಿ ತೆವಳಿಕೊಂಡು ಹೊರಡುತ್ತದೆ, ದಟ್ಟಣೆಯ ಪ್ರತಿ ಏರಿಳಿತಕ್ಕೂ ದಿಕ್ಕು ಬದಲಿಸುತ್ತದೆ. ಹತ್ತಾರು ಸಲ ಚದುರಿದ ಮೇಲೆ ಹೊರಗೆ ಬರುತ್ತದೆ. ಅಷ್ಟರಲ್ಲಿ ಒಂದು ಪುಟ್ಟ ಜಾಗದಿಂದ ಹೊರಟದ್ದು ದೊಡ್ಡ ಮಸುಕು ಕಲೆಯಾಗಿ ಹರಡಿರುತ್ತದೆ.

ಎಷ್ಟು ದೊಡ್ಡದು? ನೆದರ್ಲೆಂಡ್ಸ್ ಕೇಂದ್ರವಾಗಿರುವ ಲೋಫಾರ್ ರೇಡಿಯೋ ದೂರದರ್ಶಕದ ಅಳತೆಗಳನ್ನು 2017ರಲ್ಲಿ ಕೊಂಟಾರ್ ಮತ್ತು ಸಂಗಡಿಗರು ಪ್ರಕಟಿಸಿದರು. ಸುಮಾರು 30 ಮೆಗಾಹರ್ಟ್ಸ್‌ನಲ್ಲಿ ಗದ್ದಲದ ಮೂಲ 20 ಆರ್ಕ್ ಮಿನಿಟ್‌ನಷ್ಟು ಅಗಲ ಕಂಡಿತು. ಇಡೀ ಸೂರ್ಯಬಿಂಬವೇ ಆಕಾಶದಲ್ಲಿ 32 ಆರ್ಕ್ ಮಿನಿಟ್. ಆದರೆ ಅವರು ನೋಡಿದ ಒಂದೊಂದು ಪಟ್ಟಿಯೂ ಎಷ್ಟು ಸಪೂರ ಫ್ರೀಕ್ವೆನ್ಸಿಯಲ್ಲಿತ್ತೆಂದರೆ ನಿಜವಾದ ಮೂಲ ಅದಕ್ಕಿಂತ ಎಷ್ಟೋ ಚಿಕ್ಕದಿರಲೇಬೇಕು. ಅಂದರೆ ನಾವು ಕಾಣುವುದು ಮೂಲವನ್ನಲ್ಲ. ದಾರಿಯ ಕದಡುವಿಕೆಯನ್ನು.

ಈ ಕದಡುವಿಕೆಯನ್ನು ಲೆಕ್ಕಹಾಕಲು ಕಂಪ್ಯೂಟರ್‌ನಲ್ಲಿ ಸಾವಿರಾರು ರೇಡಿಯೋ ಕಿರಣಗಳನ್ನು ಬಿಡುತ್ತಾರೆ. ಪ್ರತಿ ಹೆಜ್ಜೆಗೂ ದಿಕ್ಕನ್ನು ಸ್ವಲ್ಪ ಯಾದೃಚ್ಛಿಕವಾಗಿ ತಿರುಗಿಸಿ, ಕೊನೆಗೆ ಭೂಮಿಯ ಕಡೆ ಬಂದವನ್ನು ಒಟ್ಟುಮಾಡಿ ಚಿತ್ರ ಕಟ್ಟುತ್ತಾರೆ. 2019ರ ಸುಮಾರಿಗೆ ಸ್ಪಷ್ಟವಾದ ಸಂಗತಿ ಎಂದರೆ, ಎಲ್ಲ ದಿಕ್ಕಿಗೂ ಒಂದೇ ಥರ ಚದುರುತ್ತದೆ ಎಂದುಕೊಂಡರೆ ಲೆಕ್ಕ ಕೂಡುವುದಿಲ್ಲ. ಮೂಲದ ಅಗಲ ಸರಿ ಬಂದರೆ ಗದ್ದಲ ಆರುವ ಸಮಯ ತೀರಾ ಉದ್ದವಾಗುತ್ತದೆ. ದಟ್ಟಣೆಯ ಏರಿಳಿತಗಳು ಕಾಂತಕ್ಷೇತ್ರದ ಗೆರೆಯ ಉದ್ದಕ್ಕೆ ಎಳೆದಂತಿವೆ, ಅಡ್ಡಡ್ಡಕ್ಕೆ ಹೆಚ್ಚು ಚದುರಿಸುತ್ತವೆ ಎಂದು ಇಟ್ಟುಕೊಂಡಾಗ ಎರಡೂ ಒಟ್ಟಿಗೆ ಹೊಂದುತ್ತವೆ. ಇದರಿಂದ ಹಳೆಯ ಕೆಲಸಗಳಿಗೂ ಪೆಟ್ಟು ಬಿತ್ತು. ಗದ್ದಲ ನಿಧಾನವಾಗಿ ಆರುವುದನ್ನು ನೋಡಿ ಕರೋನಾದ ಬಿಸಿಯನ್ನೋ ಎಲೆಕ್ಟ್ರಾನ್ ಗುಂಪಿನ ಉದ್ದವನ್ನೋ ತೀರ್ಮಾನಿಸಿದ್ದವರು ಬಹುಪಾಲು ಅಳೆದದ್ದು ಈ ಚದುರುವಿಕೆಯನ್ನೇ.

ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ಅಲೆಗಳನ್ನು ಭೂಮಿಯ ಅಯಾನುಗೋಳ ಒಳಗೆ ಬಿಡುವುದಿಲ್ಲ. ಅದಕ್ಕೆ ನೌಕೆಗಳೇ ಬೇಕು. 1994ರ ವಿಂಡ್, 2006ರ ಸ್ಟೀರಿಯೋ, 2018ರ ಪಾರ್ಕರ್ ಸೋಲಾರ್ ಪ್ರೋಬ್, 2020ರ ಸೋಲಾರ್ ಆರ್ಬಿಟರ್ ಬೇರೆ ಬೇರೆ ಕಡೆಯಿಂದ ಒಂದೇ ಗದ್ದಲವನ್ನು ಕೇಳುತ್ತವೆ. ಯಾರಿಗೆ ಎಷ್ಟು ಜೋರಾಗಿ ಕೇಳಿತು, ಯಾರಿಗೆ ಮೊದಲು ಕೇಳಿತು ಎಂದು ಹೋಲಿಸಿದರೆ ದಿಕ್ಕು ಸಿಗುತ್ತದೆ. ಮೇಲೆ ಹೇಳಿದ ವೇಗದ ಗೊಂದಲ ತುಂಬಾ ಕಡಿಮೆಯಾಗುವುದು ಇಲ್ಲಿಯೇ.

ಇದೇ ನೌಕೆಗಳು ಎಲೆಕ್ಟ್ರಾನ್‌ಗಳನ್ನೂ ಹಿಡಿದು ಎಣಿಸುತ್ತವೆ. ಅಲ್ಲಿ ಒಂದು ವಿಚಿತ್ರ ಕಂಡಿತು. ಬಂದ ಎಲೆಕ್ಟ್ರಾನ್‌ಗಳ ವೇಗ ಮತ್ತು ಬಂದ ಹೊತ್ತು ನೋಡಿ ಹಿಂದಕ್ಕೆ ಲೆಕ್ಕ ಹಾಕಿದರೆ ಎಷ್ಟೋ ಸಲ ಅವು ಟೈಪ್ 3 ಶುರುವಾದ ಸುಮಾರು 10 ನಿಮಿಷದ ಮೇಲೆ ಸೂರ್ಯನನ್ನು ಬಿಟ್ಟ ಹಾಗೆ ಕಾಣುತ್ತದೆ. ಬೇರೆಯೇ ಎಲೆಕ್ಟ್ರಾನ್‌ಗಳೇ ಇವು? ಕೆಲವರು ಹಾಗೂ ವಾದಿಸಿದರು. ಆದರೆ ಹಿಂದಕ್ಕೆ ಲೆಕ್ಕ ಹಾಕುವಾಗ ನಾವು ಎಲೆಕ್ಟ್ರಾನ್ ದಾರಿಯುದ್ದಕ್ಕೂ ಒಂದೇ ವೇಗದಲ್ಲಿ ಬಂತು ಎಂದುಕೊಂಡಿರುತ್ತೇವೆ. ಲ್ಯಾಂಗ್‌ಮ್ಯುರ್ ಅಲೆಗಳ ಜೊತೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ನಡೆದಿದ್ದರೆ ಆ ಊಹೆ ಸುಳ್ಳು. ದಾರಿಯಲ್ಲಿ ಚದುರಿದ್ದರೂ ಸುಳ್ಳು. ಮಾಡೆಲ್‌ಗಳು ಈ ತಡದ ಒಂದು ಪಾಲನ್ನಾದರೂ ಹೀಗೆ ವಿವರಿಸುತ್ತವೆ. ಕಡಿಮೆ ಶಕ್ತಿಯ ಎಲೆಕ್ಟ್ರಾನ್‌ಗಳ ಸಂಖ್ಯೆ ನಿರೀಕ್ಷೆಗಿಂತ ಕಡಿಮೆ ಇರುವುದಕ್ಕೂ ಅದೇ ವಿವರಣೆ ಹೊಂದುತ್ತದೆ.

ಎಣಿಕೆಯಲ್ಲಿ ಇನ್ನೊಂದು ಬೆರಗು. ಫ್ಲೇರ್ ಆದಾಗ ಬಹುಪಾಲು ಎಲೆಕ್ಟ್ರಾನ್‌ಗಳು ಹೊರಕ್ಕಲ್ಲ, ಕೆಳಕ್ಕೆ ಸೂರ್ಯನ ಮೇಲ್ಮೈ ಕಡೆಗೆ ನುಗ್ಗಿ ಎಕ್ಸ್‌-ರೇ ಹೊಮ್ಮಿಸುತ್ತವೆ. ಆ ಎಕ್ಸ್‌-ರೇ ಎಷ್ಟಿದೆ ಎಂದು ನೋಡಿ ಎಲೆಕ್ಟ್ರಾನ್ ಎಣಿಸಬಹುದು. ಹೊರಗೆ ತಪ್ಪಿಸಿಕೊಂಡು ಟೈಪ್ 3 ಎಬ್ಬಿಸುವವು ಅವುಗಳ ಸಾವಿರದಲ್ಲಿ ಕೆಲವು ಮಾತ್ರ.

ಜೋರನ್ನು ನಂಬಬಹುದಾದ ಜಾಗ

ಹೊರಗೆ ತಪ್ಪಿಸಿಕೊಳ್ಳದವುಗಳಲ್ಲಿ ಒಂದು ಪಾಲು ಕಾಂತಕ್ಷೇತ್ರದ ಕುಣಿಕೆಗಳಲ್ಲಿ ಸಿಕ್ಕಿಕೊಂಡು ಸುತ್ತುತ್ತಿರುತ್ತದೆ. ಅವೂ ರೇಡಿಯೋ ಹೊಮ್ಮಿಸುತ್ತವೆ, ಆದರೆ ಬೇರೆ ಥರ. ಎಲೆಕ್ಟ್ರಾನ್ ಕಾಂತಕ್ಷೇತ್ರದ ಗೆರೆಯನ್ನು ಸುತ್ತುವ ಫ್ರೀಕ್ವೆನ್ಸಿ ಒಂದು ಗಾಸ್‌ಗೆ 2.8 ಮೆಗಾಹರ್ಟ್ಸ್ (ಗಾಸ್ ಎಂದರೆ ಕಾಂತಕ್ಷೇತ್ರದ ಬಲದ ಅಳತೆ). 300 ಗಾಸ್ ಇದ್ದರೆ 840 ಮೆಗಾಹರ್ಟ್ಸ್. ನೂರಾರು ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳು ಇದರ ಹತ್ತಾರು ಪಟ್ಟು ಫ್ರೀಕ್ವೆನ್ಸಿಗಳಲ್ಲಿ ಹೊಮ್ಮಿಸುತ್ತವೆ, ಅಂದರೆ ಮೈಕ್ರೋವೇವ್‌ನಲ್ಲಿ. ಇದಕ್ಕೆ ಜೈರೋಸಿಂಕ್ರೊಟ್ರಾನ್ ಹೊಮ್ಮುವಿಕೆ ಎಂದು ಹೆಸರು.

ಇಲ್ಲಿ ಪ್ರತಿ ಎಲೆಕ್ಟ್ರಾನ್ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ತಾಳ ಹೊಂದಿಸುವ ಆಟವಿಲ್ಲ. ಹಾಗಾಗಿ ಹೆಚ್ಚಿನ ಫ್ರೀಕ್ವೆನ್ಸಿಯ ಕಡೆ, ಅಲೆಗಳು ಅಡ್ಡಿಯಿಲ್ಲದೆ ಹೊರಬರುವಲ್ಲಿ, ಎಲೆಕ್ಟ್ರಾನ್ ಎರಡು ಪಟ್ಟಾದರೆ ರೇಡಿಯೋವೂ ಎರಡು ಪಟ್ಟು. ಕಡಿಮೆ ಫ್ರೀಕ್ವೆನ್ಸಿಯ ಕಡೆ ಎಲೆಕ್ಟ್ರಾನ್‌ಗಳೇ ಅಲೆಗಳನ್ನು ಮತ್ತೆ ಹೀರಿಕೊಳ್ಳುತ್ತವೆ. ನಡುವೆ ಒಂದು ಶಿಖರ. ಶಿಖರದ ಜಾಗ ಮುಖ್ಯವಾಗಿ ಕಾಂತಕ್ಷೇತ್ರದ ಬಲ ಹೇಳುತ್ತದೆ, ಬಲಗಡೆಯ ಇಳಿಜಾರು ಎಲೆಕ್ಟ್ರಾನ್‌ಗಳ ಶಕ್ತಿ ಹೇಗೆ ಹಂಚಿಕೊಂಡಿದೆ ಎನ್ನುತ್ತದೆ. ಪೂರ್ತಿ ಸೂತ್ರದಲ್ಲಿ ಲೆಕ್ಕ ಹಾಕಲು ಮುಂಚೆ ತುಂಬಾ ಹೊತ್ತು ಬೇಕಿತ್ತು. 2010ರಲ್ಲಿ ಫ್ಲೈಶ್‌ಮನ್ ಮತ್ತು ಕುಜ್ನೆಟ್ಸೊವ್ ಕೊಟ್ಟ ವೇಗದ ಕೋಡ್‌ಗಳಿಂದ ಚಿತ್ರದ ಪ್ರತಿ ಚುಕ್ಕಿಗೂ ಬೇರೆ ಬೇರೆ ಲೆಕ್ಕ ಹಾಕುವುದು ಸಾಧ್ಯವಾಯಿತು.

2017ರ ಸೆಪ್ಟೆಂಬರ್ 10ರ ದೊಡ್ಡ ಫ್ಲೇರ್‌ನಲ್ಲಿ ಇದು ಫಲ ಕೊಟ್ಟಿತು. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ 13 ಆಂಟೆನಾಗಳ ಸೌರ ವ್ಯೂಹ ಅದನ್ನು ಮೈಕ್ರೋವೇವ್‌ನಲ್ಲಿ ಹಿಡಿದಿತ್ತು. ಪ್ರತಿ ಚುಕ್ಕಿಗೂ ಮಾಡೆಲ್ ಹೊಂದಿಸಿದಾಗ ಕರೋನಾದ ಕಾಂತಕ್ಷೇತ್ರ ಎರಡು ನಿಮಿಷ ಕಾಲ ಸೆಕೆಂಡಿಗೆ ಸುಮಾರು 5 ಗಾಸ್‌ನಂತೆ ಕುಸಿಯುತ್ತಿರುವುದು ಕಂಡಿತು. ಎಲೆಕ್ಟ್ರಾನ್‌ಗಳ ಶಕ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಅದುವರೆಗೆ ಇರಲಿಲ್ಲ. 2022ರಲ್ಲಿ ಅದೇ ಫ್ಲೇರ್‌ನ ವಿಶ್ಲೇಷಣೆ ಇನ್ನೂ ಮುಂದೆ ಹೋಯಿತು. ಆ ಜಾಗದ ಹೆಚ್ಚುಕಡಿಮೆ ಎಲ್ಲ ಎಲೆಕ್ಟ್ರಾನ್‌ಗಳೂ ವೇಗಗೊಂಡಿದ್ದವು, ಮಾಮೂಲಿ ಬಿಸಿ ಪ್ಲಾಸ್ಮಾ ಎಂಬುದು ಅಲ್ಲಿ ಉಳಿದೇ ಇರಲಿಲ್ಲ ಎಂದು ಅದು ತೋರಿಸಿತು.

ಇವೆಲ್ಲ ಸುಮ್ನೆ ಕುತೂಹಲಕ್ಕಲ್ಲ. 1967ರ ಮೇ 23ರಂದು ಸೂರ್ಯನ ರೇಡಿಯೋ ಗದ್ದಲ ಅಮೆರಿಕದ ಕ್ಷಿಪಣಿ ಎಚ್ಚರಿಕೆ ರಾಡಾರ್‌ಗಳನ್ನು ಮುಳುಗಿಸಿತು. ಶೀತಲ ಸಮರದ ಕಾಲ. ಬೇಕೆಂದೇ ಮಾಡಿದ ಜಾಮಿಂಗ್ ಎಂದು ಸೇನೆ ಶಂಕಿಸಿತು. ಸೂರ್ಯನನ್ನು ಗಮನಿಸುತ್ತಿದ್ದವರು ಸಮಯಕ್ಕೆ ಸರಿಯಾಗಿ ಕಾರಣ ಹೇಳಿದ್ದರಿಂದ ಪರಿಸ್ಥಿತಿ ತಣ್ಣಗಾಯಿತು. 2015ರ ನವೆಂಬರ್ 4ರಂದು ಸ್ವೀಡನ್ನಿನ ವಿಮಾನ ಸಂಚಾರ ರಾಡಾರ್‌ಗಳಿಗೆ ತೊಂದರೆಯಾಯಿತು.

ಅತ್ಯಂತ ಕುತೂಹಲದ್ದು 2006ರ ಡಿಸೆಂಬರ್ 6. ಆ ದಿನದ ಗದ್ದಲಕ್ಕೆ ಭೂಮಿಯ ಬೆಳಕಿರುವ ಅರ್ಧದಲ್ಲಿ ಎಷ್ಟೋ ಜಿಪಿಎಸ್ ರಿಸೀವರ್‌ಗಳು ಉಪಗ್ರಹಗಳ ಹಿಡಿತ ಕಳೆದುಕೊಂಡವು. ಸೂರ್ಯ ತನ್ನ ಹನ್ನೊಂದು ವರ್ಷದ ಚಕ್ರದಲ್ಲಿ ತೀರಾ ಸಪ್ಪೆಯಾಗಿದ್ದ ಕಾಲ ಅದು. ಅದರ ಹಿಂದಿನ ದಿನವೇ ಎಕ್ಸ್-ರೇ ಲೆಕ್ಕದಲ್ಲಿ ಇನ್ನೂ ದೊಡ್ಡದಾದ ಎಕ್ಸ್9 ಫ್ಲೇರ್ ಆಗಿತ್ತು. 6ರದು ಎಕ್ಸ್6.5. ಆದರೂ ದೊಡ್ಡ ಏಟು ಬಿದ್ದದ್ದು ಚಿಕ್ಕದರಿಂದ. ಜಿಪಿಎಸ್ ಬಳಸುವ ಗಿಗಾಹರ್ಟ್ಸ್ ವಲಯದಲ್ಲಿ ಇಂಥ ವಿಪರೀತ ಜೋರು ಬರುವುದಕ್ಕೆ ಎಲೆಕ್ಟ್ರಾನ್ ಸೈಕ್ಲೋಟ್ರಾನ್ ಮೇಸರ್ ಎಂಬ ಪ್ರಕ್ರಿಯೆಯನ್ನು ಮುಖ್ಯವಾಗಿ ಶಂಕಿಸುತ್ತಾರೆ. ಕುಣಿಕೆಯಲ್ಲಿ ಸಿಕ್ಕಿದ ಎಲೆಕ್ಟ್ರಾನ್‌ಗಳು ಮತ್ತೆ ತಾಳ ಹೊಂದಿಸಿಕೊಂಡು ಹೊಮ್ಮಿಸುವ ರೇಡಿಯೋ ಅದು. ಅದು ನಡೆಯಲು ಒಂದು ಷರತ್ತಿದೆ. ಆ ಜಾಗದಲ್ಲಿ ಎಲೆಕ್ಟ್ರಾನ್ ಕಾಂತಕ್ಷೇತ್ರವನ್ನು ಸುತ್ತುವ ಫ್ರೀಕ್ವೆನ್ಸಿ ಪ್ಲಾಸ್ಮಾ ಫ್ರೀಕ್ವೆನ್ಸಿಗಿಂತ ಹೆಚ್ಚಿರಬೇಕು. ಅಂದರೆ ಕಾಂತಕ್ಷೇತ್ರ ಗಟ್ಟಿ, ದಟ್ಟಣೆ ತೆಳು. ಫ್ಲೇರ್ ಎಷ್ಟು ದೊಡ್ಡದು ಎಂದು ನೋಡಿದರೆ ಇದು ಗೊತ್ತಾಗುವುದಿಲ್ಲ. ಸೂರ್ಯನ ಮೇಲ್ಮೈಯಲ್ಲಿ ಅಳೆದ ಕಾಂತಕ್ಷೇತ್ರದಿಂದ ಮೇಲಿನ ಕುಣಿಕೆಗಳನ್ನು ಲೆಕ್ಕದಲ್ಲಿ ಕಟ್ಟಿ, ಅವುಗಳೊಳಗೆ ಪ್ಲಾಸ್ಮಾ ತುಂಬಿ, ಯಾವ ಕುಣಿಕೆಯ ಯಾವ ಎತ್ತರದಲ್ಲಿ ಈ ಷರತ್ತು ಪೂರೈಸುತ್ತದೆ ಎಂದು ಒಂದೊಂದಾಗಿ ಹುಡುಕಬೇಕಾಗುತ್ತದೆ.